ಬೀಗದ ಕೈ ಸಿಕ್ಕ ಮೇಲೆ: ಒಬ್ಬ ಬಾಡಿಗೆದಾರರ 24 ತಿಂಗಳು

ಇಲ್ಲಿರುವ ಹೆಸರುಗಳು ನಿಜವಲ್ಲ. ವಯಸ್ಸು, ತಿಂಗಳು, ಕಾಯಿಲೆಯ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಊರು ಅಮೆರಿಕದ ಒಂದು ಮಧ್ಯಮ ಗಾತ್ರದ ನಗರ, ಅಷ್ಟು ಸಾಕು. ವರ್ಷಗಟ್ಟಲೆ ಬೀದಿಯಲ್ಲಿದ್ದವರಿಗಾಗಿ ನಡೆಯುವ ಒಂದು ವಸತಿ ಕಟ್ಟಡದಲ್ಲಿ ನಾನು ಕೇಸ್ ಮ್ಯಾನೇಜರ್, ಅಂದರೆ ಅಲ್ಲಿನ ಬಾಡಿಗೆದಾರರ ಕಾಗದಪತ್ರ, ಕಷ್ಟಸುಖ ನೋಡಿಕೊಳ್ಳುವ ಕೆಲಸ. ಈ ಪ್ರಕರಣ ಬರೆಯಲು 'ರೇ' ಒಪ್ಪಿದ್ದಾರೆ. ಒಂದೇ ಷರತ್ತು ಹಾಕಿದರು: "ನನ್ನ ತಪ್ಪು ಬರಿ. ನಿಮ್ಮವರ ತಪ್ಪನ್ನೂ ಬಿಡಬೇಡ."

ಹಾಗಾಗಿ ಎರಡೂ ಇವೆ.

ಹೊರಗಿದ್ದ ಹನ್ನೊಂದು ವರ್ಷ

ರೇ ನಮ್ಮ ಕಟ್ಟಡಕ್ಕೆ ಬಂದಾಗ ಅವರಿಗೆ 57. ಹನ್ನೊಂದು ವರ್ಷ ಹೊರಗೇ ಕಳೆದಿದ್ದರು, ಅದರಲ್ಲಿ ಜಾಸ್ತಿ ಕಾಲ ಒಂದು ಹೆದ್ದಾರಿ ಸೇತುವೆಯ ಕೆಳಗೆ. ಅದಕ್ಕೂ ಮೊದಲು ಮನೆಗಳಿಗೆ ಛಾವಣಿ ಹಾಕುವ ಕೆಲಸದಲ್ಲಿದ್ದರು. ಏಣಿಯಿಂದ ಬಿದ್ದು ತಲೆಗೆ ಪೆಟ್ಟಾಯಿತು. ಕೆಲಸ ಹೋಯಿತು, ಮದುವೆ ಮುರಿಯಿತು, ಕುಡಿತ ಮಾತ್ರ ಉಳಿಯಿತು. ಛಾವಣಿ ಹಾಕುವವನಿಗೇ ಛಾವಣಿಯಿಲ್ಲ ಅನ್ನುವ ತಮಾಷೆ ಅವರೇ ಮಾಡಿಕೊಳ್ಳುತ್ತಾರೆ. ನಾವು ಮಾಡಿದರೆ ಸಿಟ್ಟಾಗುತ್ತಾರೆ.

ಅವರಿಗೆ ಯಾರೂ ಸಹಾಯ ಮಾಡಲಿಲ್ಲ ಅಂತಲ್ಲ. ಎರಡು ದಾರಿ ಪ್ರಯತ್ನಿಸಿದ್ದರು. ಮೊದಲನೆಯದು ರಾತ್ರಿ ಶೆಲ್ಟರ್. ಸಂಜೆ ಬಾಗಿಲಲ್ಲಿ ಉಸಿರು ಊದಿಸಿ ನೋಡುತ್ತಿದ್ದರು. ಕುಡಿದಿದ್ದರೆ ಒಳಗೆ ಬಿಡುವುದಿಲ್ಲ, ತಳ್ಳುಗಾಡಿಯನ್ನೂ ಬಿಡುವುದಿಲ್ಲ. ಗಾಡಿ ಹೊರಗಿಟ್ಟರೆ ಬೆಳಗ್ಗೆ ಇರುವುದಿಲ್ಲ. ಎರಡನೆಯದು ಹಂತ ಹಂತವಾಗಿ ಮನೆ ಕೊಡುವ ಕಾರ್ಯಕ್ರಮ. ಮೊದಲು 90 ದಿನ ಕುಡಿಯದೆ ಇರಬೇಕು, ದಿನಕ್ಕೊಂದು ಸಭೆಗೆ ಹೋಗಬೇಕು, ಆಮೇಲೆ ಹಂಚಿಕೊಂಡ ಕೋಣೆ, ಅದರಲ್ಲೂ ಪಾಸಾದರೆ ಸ್ವಂತ ಕೋಣೆ. ರೇ 41ನೇ ದಿನ ಕುಡಿದರು. ಅದೇ ರಾತ್ರಿ ಹೊರಗೆ ಬಂದರು. ಕಡತದಲ್ಲಿ 'ಚಿಕಿತ್ಸೆಗೆ ಸಹಕರಿಸಲಿಲ್ಲ' ಎಂದು ಬರೆದಿತ್ತು. ಅದನ್ನು ಓದಿದ ಮುಂದಿನವರೂ ಅದನ್ನೇ ನಕಲು ಮಾಡಿದ್ದರು.

ಈ ಮೆಟ್ಟಿಲು ಪದ್ಧತಿಯನ್ನು ತಲೆಕೆಳಗು ಮಾಡಿದ್ದು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್. 1992ರಲ್ಲಿ ನ್ಯೂಯಾರ್ಕ್‌ನಲ್ಲಿ 'ಪಾಥ್‌ವೇಸ್ ಟು ಹೌಸಿಂಗ್' ಶುರು ಮಾಡಿದರು. ಮೊದಲು ಮನೆ, ಉಳಿದದ್ದು ಆಮೇಲೆ, ಅದೂ ಬೇಕಿದ್ದರೆ. 2005ರ ಕೊನೆಯಲ್ಲಿ ಸಿಯಾಟಲ್‌ನಲ್ಲಿ '1811 ಈಸ್ಟ್‌ಲೇಕ್' ಎಂಬ ಕಟ್ಟಡ ತೆರೆಯಿತು. ತೀವ್ರವಾಗಿ ಕುಡಿಯುವ 75 ಜನರಿಗೆ ಮನೆ, ಒಳಗೆ ಕುಡಿಯಲು ಅಡ್ಡಿಯಿಲ್ಲ. ಅಲ್ಲಿನವರ ಕುಡಿತ ಕಾಲ ಕಳೆದಂತೆ ಇಳಿಯಿತು ಎಂದು 2009ರಲ್ಲಿ 'ಜಾಮಾ' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಆದರೆ ಎಲ್ಲ ಕಡೆ ಹಾಗೆ ಆಗುವುದಿಲ್ಲ. ಕೆನಡಾದ ಐದು ನಗರಗಳಲ್ಲಿ 2009ರಿಂದ 2013ರವರೆಗೆ ನಡೆದ 'ಅಟ್ ಹೋಮ್' ಪ್ರಯೋಗದಲ್ಲಿ ಜನ ಮನೆಯಲ್ಲಿ ಉಳಿದದ್ದು ಸ್ಪಷ್ಟವಾಗಿ ಹೆಚ್ಚಾಯಿತು, ನಶೆಯ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಂಡರೆ ನಿರೀಕ್ಷೆ ಹದದಲ್ಲಿರುತ್ತದೆ. 2025ರ ಜುಲೈನಲ್ಲಿ ಬಂದ ಅಮೆರಿಕದ ಅಧ್ಯಕ್ಷರ ಆದೇಶ ಈ 'ಮೊದಲು ಮನೆ' ನೀತಿಗೆ ಕೇಂದ್ರದ ಬೆಂಬಲ ನಿಲ್ಲಿಸಬೇಕು ಎನ್ನುತ್ತದೆ. ಹಾಗಾಗಿ ಈಗ ನಮ್ಮ ಕೆಲಸದ ಬಗ್ಗೆ ಮಾತಾಡುವವರೆಲ್ಲ ಪರ ಇಲ್ಲವೇ ವಿರೋಧ. ನಡುವೆ ನಡೆಯುವುದನ್ನು ಹೇಳುವವರು ಕಮ್ಮಿ.

ನಮ್ಮ ಕಟ್ಟಡ 'ಲೋ ಬ್ಯಾರಿಯರ್'. ಅಂದರೆ ಹೊಸ್ತಿಲು ತಗ್ಗು. ಉಸಿರು ಪರೀಕ್ಷೆ ಇಲ್ಲ, ಚಿಕಿತ್ಸೆಗೆ ಒಪ್ಪಬೇಕೆಂಬ ಷರತ್ತಿಲ್ಲ, ಹಳೇ ಬಾಡಿಗೆ ಬಾಕಿಯನ್ನು ಕೆದಕುವುದಿಲ್ಲ. ಬಾಡಿಗೆ ಎಂದರೆ ಬಾಡಿಗೆದಾರರ ಆದಾಯದ ಸುಮಾರು ಶೇ 30. ಆದಾಯವೇ ಇಲ್ಲದಿದ್ದರೆ ಬಾಡಿಗೆಯೂ ಇಲ್ಲ. ಲೀಸ್ ಮಾತ್ರ ಎಲ್ಲರ ಲೀಸ್‌ನ ಹಾಗೇ ಇರುತ್ತದೆ. ಹೊಡೆದಾಡಬಾರದು, ಪಕ್ಕದವರಿಗೆ ತೊಂದರೆ ಕೊಡಬಾರದು, ಮನೆಯನ್ನು ಬೇರೆಯವರಿಗೆ ಬಿಟ್ಟುಕೊಡಬಾರದು. ಈ ಕೊನೆಯದನ್ನು ನೆನಪಿಡಿ.

ತೊಂಬತ್ತು ದಿನದ ಲೆಕ್ಕ

ಹೊಸ್ತಿಲು ತಗ್ಗಾದರೂ ಹೊಸ್ತಿಲಿನವರೆಗೆ ಬರುವ ದಾರಿ ತಗ್ಗಲ್ಲ. ನಮ್ಮ ಮನೆಗಳು 'ಕ್ರಾನಿಕ್', ಅಂದರೆ ದೀರ್ಘಕಾಲದಿಂದ ಮನೆಯಿಲ್ಲದವರು, ಎಂದು ಲೆಕ್ಕಕ್ಕೆ ಸಿಗುವವರಿಗೆ ಮಾತ್ರ. ಕೇಂದ್ರ ವಸತಿ ಇಲಾಖೆ ಹಡ್, 2015ರ ಕೊನೆಯಲ್ಲಿ ಇದರ ವ್ಯಾಖ್ಯೆಯನ್ನು ಬಿಗಿ ಮಾಡಿತು. ವ್ಯಕ್ತಿಗೆ ಅಂಗವೈಕಲ್ಯ ಇರಬೇಕು. ಜೊತೆಗೆ 12 ತಿಂಗಳು ಸತತವಾಗಿ ಬೀದಿಯಲ್ಲೋ ಶೆಲ್ಟರ್‌ನಲ್ಲೋ ಇರಬೇಕು. ಇಲ್ಲವೇ ಕಳೆದ ಮೂರು ವರ್ಷದಲ್ಲಿ ನಾಲ್ಕು ಬಾರಿ ಹಾಗೆ ಇದ್ದು, ಒಟ್ಟು 12 ತಿಂಗಳು ತುಂಬಬೇಕು. ಏಳು ರಾತ್ರಿ ಸತತ ಬೇರೆಲ್ಲಾದರೂ ಮಲಗಿದರೆ ಅದು 'ಬ್ರೇಕ್', ಅಂದರೆ ಒಂದು ಬಾರಿಯ ಲೆಕ್ಕ ಅಲ್ಲಿಗೆ ಮುಗಿಯಿತು. ಆಸ್ಪತ್ರೆ, ಜೈಲು ಇಂಥ ಕಡೆ 90 ದಿನಕ್ಕಿಂತ ಕಮ್ಮಿ ಇದ್ದರೆ ಅದು ಬ್ರೇಕ್ ಅಲ್ಲ. 90 ಮುಟ್ಟಿದರೆ ಹೋಯ್ತು, ಲೆಕ್ಕ ಮತ್ತೆ ಮೊದಲಿನಿಂದ.

ಒಣ ನಿಯಮ ಅನ್ನಿಸುತ್ತದೆ, ಅಲ್ವಾ? ಈ ಪ್ರಕರಣ ಶುರುವಾಗಿದ್ದೂ ಇದರಿಂದ, ಈಗ ನಿಂತಿರುವುದೂ ಇದರ ಮೇಲೆ.

ರೇ ಹೆಸರು ನಮಗೆ ಬಂದಾಗ ಅವರು ಕಾಲಿನ ಹುಣ್ಣು ಕೀವಾಗಿ ಆಸ್ಪತ್ರೆ ಸೇರಿ, ಅಲ್ಲಿಂದ ನರ್ಸಿಂಗ್ ಹೋಮ್ ಎಂಬ ಆರೈಕೆ ಕೇಂದ್ರಕ್ಕೆ ಹೋಗಿದ್ದರು. ಅದು 71ನೇ ದಿನ. ಕೈಯಲ್ಲಿ ಒಂದು ಕಾಗದವೂ ಇರಲಿಲ್ಲ. ನಗರದವರು ಸೇತುವೆ ಕೆಳಗಿನ ಗುಡಾರಗಳನ್ನು ಎತ್ತಿಸಿದಾಗ ಗುರುತಿನ ಚೀಟಿ, ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಎರಡೂ ಕಸದ ಲಾರಿ ಸೇರಿದ್ದವು. ಹುಟ್ಟಿದ ಪ್ರಮಾಣಪತ್ರ ಬೇರೆ ರಾಜ್ಯದಿಂದ ಬರಬೇಕು. ಅದಕ್ಕೆ ಗುರುತಿನ ಚೀಟಿ ಬೇಕು. ಗುರುತಿನ ಚೀಟಿಗೆ ಹುಟ್ಟಿದ ಪ್ರಮಾಣಪತ್ರ ಬೇಕು. ಬೀದಿಯ ಕೆಲಸ ಮಾಡುವವರಿಗೆಲ್ಲ ಈ ಗಾಣ ಗೊತ್ತು.

ಇಲ್ಲಿ ನಮ್ಮ ಮೊದಲ ನಿರ್ಧಾರ. ಕಾಗದ ಪೂರ್ತಿ ಆಗುವವರೆಗೆ ಕಾಯುವುದು ವಾಡಿಕೆ. ನಾವು ಕಾಯಲಿಲ್ಲ. ಅಂಗವೈಕಲ್ಯಕ್ಕೆ ನರ್ಸಿಂಗ್ ಹೋಮ್ ವೈದ್ಯರ ಸಹಿ, ಬೀದಿಯಲ್ಲಿದ್ದುದಕ್ಕೆ ಅಲ್ಲಿಗೇ ಹೋಗಿ ಜನರನ್ನು ಮಾತಾಡಿಸುವ ಔಟ್‌ರೀಚ್ ತಂಡದ ಹಳೇ ಟಿಪ್ಪಣಿಗಳು, ಇಷ್ಟನ್ನೇ ಹಿಡಿದು ಅರ್ಜಿ ಹಾಕಿದೆವು. ಗುರುತಿನ ಚೀಟಿಯನ್ನು ರೇ ಒಳಗೆ ಬಂದ ಮೇಲೆ ಮಾಡಿಸುತ್ತೇವೆ ಎಂದು ಬರೆದುಕೊಟ್ಟೆವು. 86ನೇ ದಿನ ರೇ ಲೀಸ್‌ಗೆ ಸಹಿ ಹಾಕಿದರು. ನಾಲ್ಕು ದಿನ ತಡವಾಗಿದ್ದರೆ ಹನ್ನೊಂದು ವರ್ಷ ಬೀದಿಯಲ್ಲಿದ್ದ ಮನುಷ್ಯ ಕಾಗದದ ಮೇಲೆ 'ಬೀದಿಯವನಲ್ಲ' ಆಗುತ್ತಿದ್ದರು.

ಬೂಟು ಬಿಚ್ಚದ ಮೂರು ವಾರ

ಮೊದಲ ಮೂರು ವಾರ ರೇ ಹಾಸಿಗೆ ಮುಟ್ಟಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು, ಬೂಟು ಹಾಕಿಕೊಂಡೇ ನೆಲದ ಮೇಲೆ ಮಲಗುತ್ತಿದ್ದರು. ವಾರದಲ್ಲಿ ಎರಡು ಮೂರು ರಾತ್ರಿ ಸೇತುವೆ ಕೆಳಗೆ ಹೋಗಿಬಿಡುತ್ತಿದ್ದರು. ಹೊಸಬರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಒಬ್ಬರು ಸಹೋದ್ಯೋಗಿ 'ಮನೆ ಬಳಸುತ್ತಿಲ್ಲ' ಎಂದು ದಾಖಲಿಸಲು ಹೊರಟಿದ್ದರು. ನಾವು ಬೇಡ ಎಂದೆವು. ಆ ಒಂದು ಸಾಲು ಕಡತಕ್ಕೆ ಬಿದ್ದಿದ್ದರೆ 'ಮನೆ ಖಾಲಿ ಬಿಟ್ಟರು' ಎಂಬ ಮುಂದಿನ ಸಾಲಿಗೆ ದಾರಿಯಾಗುತ್ತಿತ್ತು.

ಯಾಕೆ ಹೋಗ್ತೀರಿ ಎಂದು ಕೇಳಿದ್ದಕ್ಕೆ, "ಇಲ್ಲಿ ಸದ್ದೇ ಇಲ್ಲ ಕಣಪ್ಪ. ಸದ್ದಿಲ್ಲ ಅಂದ್ರೆ ಏನೋ ಆಗ್ತಿದೆ ಅಂತ" ಎಂದರು. ಹೆದ್ದಾರಿಯ ಗದ್ದಲದಲ್ಲಿ ವರ್ಷಗಟ್ಟಲೆ ಮಲಗಿದವರಿಗೆ ನಿಶ್ಶಬ್ದವೇ ಅಪಾಯದ ಸೂಚನೆ. ಹಳೇ ರೇಡಿಯೋ ಒಂದನ್ನು ಹುಡುಕಿ ಕೊಟ್ಟೆವು. ನಾಲ್ಕನೇ ವಾರ ಹಾಸಿಗೆಯ ಅಂಚಿನಲ್ಲಿ ಮಲಗಿದರು.

ಆದರೆ ಆ ಉತ್ತರದ ಅರ್ಧವನ್ನಷ್ಟೇ ನಾನು ಕೇಳಿಸಿಕೊಂಡಿದ್ದೆ. ಅವರಿಗೆ ಬೇಕಿದ್ದದ್ದು ಸದ್ದಲ್ಲ, ಜನ.

ಮನೆ ಕೈತಪ್ಪಿದ್ದು

ನಾಲ್ಕನೇ ತಿಂಗಳಲ್ಲಿ ರೇ ಕೋಣೆಗೆ ಅತಿಥಿಗಳು ಜಾಸ್ತಿಯಾದರು. ನಮ್ಮ ಕಟ್ಟಡದಲ್ಲಿ ಅತಿಥಿಗಳು ಕೆಳಗೆ ಡೆಸ್ಕ್‌ನಲ್ಲಿ ಹೆಸರು ಬರೆಸಬೇಕು. ಒಬ್ಬ ಅತಿಥಿ ವರ್ಷಕ್ಕೆ 14 ರಾತ್ರಿ ಉಳಿಯಬಹುದು. ಇವರು ಹಿಂದಿನ ತುರ್ತು ಬಾಗಿಲಿಗೆ ರಟ್ಟು ಸಿಕ್ಕಿಸಿ ಬರುತ್ತಿದ್ದರು. ನಮಗೆ ಗೊತ್ತಾಗುವಷ್ಟರಲ್ಲಿ ಮೂರು ವಾರ ಕಳೆದಿತ್ತು. ಕ್ಯಾಮೆರಾ ನೋಡಿದರೆ ಮೂವರು ಅಲ್ಲೇ ಬೀಡುಬಿಟ್ಟಿದ್ದರು. ಇಬ್ಬರು ಹುಡುಗರು ಅಲ್ಲಿಂದಲೇ ಮಾದಕ ಮಾರುತ್ತಿದ್ದರು. ಮೂರನೆಯವರು ಕ್ಲೈಡ್, ರೇ ಜೊತೆ ಸೇತುವೆ ಕೆಳಗೆ ಎಂಟು ವರ್ಷ ಇದ್ದವರು. ಹಾಸಿಗೆ ಹುಡುಗರ ಪಾಲಾಗಿತ್ತು. ರೇ ಬಚ್ಚಲುಮನೆಯಲ್ಲಿ ಮಲಗುತ್ತಿದ್ದರು.

ನಮ್ಮ ಕೆಲಸದಲ್ಲಿ ಇದು ಅಪರೂಪವೇನಲ್ಲ. ಬೀಗದ ಕೈ ಒಬ್ಬರಿಗೆ ಸಿಕ್ಕಿದರೆ ಅದರ ವಾಸನೆ ಹತ್ತು ಜನಕ್ಕೆ ಹತ್ತುತ್ತದೆ. ಬೀದಿಯಲ್ಲಿ ಇದ್ದದ್ದನ್ನು ಹಂಚಿಕೊಂಡು ಬದುಕಿದವರಿಗೆ 'ಬೇಡ, ಹೋಗು' ಎಂದು ಹೇಳುವ ಅಭ್ಯಾಸ ಇರುವುದಿಲ್ಲ. ಹಾಗೆ ಹೇಳಿದರೆ ನಾಳೆ ಹೊರಗೆ ಸಿಕ್ಕಾಗ ಏನು ಗತಿ ಎಂಬ ಭಯ ಬೇರೆ. ಮನೆ ಕೊಡುವಾಗ ನಾವು ಒಲೆ ಹೊತ್ತಿಸುವುದನ್ನು ತೋರಿಸುತ್ತೇವೆ, ಬಾಡಿಗೆ ಕಟ್ಟುವುದನ್ನು ಹೇಳಿಕೊಡುತ್ತೇವೆ. ಬಾಗಿಲು ಹಾಕುವುದನ್ನು ಹೇಳಿಕೊಟ್ಟಿರಲಿಲ್ಲ.

ಎದುರು ಕೋಣೆಯಲ್ಲಿ ಒಬ್ಬ ಹೆಂಗಸು ಇದ್ದರು. ಕುಡಿತ ಬಿಟ್ಟು ಎರಡು ವರ್ಷವಾಗಿತ್ತು. ದೂರು ಕೊಟ್ಟದ್ದು ಅವರೇ, ಮೂರು ಸಲ. ಕಟ್ಟಡ ನೋಡಿಕೊಳ್ಳುವ ವಿಭಾಗದಿಂದ ರೇಗೆ ನೋಟಿಸ್ ಹೋಯಿತು. ಲೀಸ್ ಉಲ್ಲಂಘನೆ, ಹತ್ತು ದಿನದಲ್ಲಿ ಸರಿಪಡಿಸದಿದ್ದರೆ ಮುಂದಿನ ಕ್ರಮ. ನೋಟಿಸ್‌ನಲ್ಲಿ ಗದ್ದಲ, ಅತಿಥಿಗಳು, ಕಾರಿಡಾರಿನಲ್ಲಿ ಬಾಟಲಿ ಮೂರನ್ನೂ ಒಂದೇ ಉಸಿರಿಗೆ ಬರೆದಿದ್ದರು. ನನಗೆ ಪ್ರತಿ ಬಂತು. ನಾಳೆ ಮಾತಾಡಿಸೋಣ ಎಂದುಕೊಂಡೆ. ಅದು ಶುಕ್ರವಾರ. ನಾಳೆ ಅಂದರೆ ಸೋಮವಾರ.

ರೇ ಆ ಕಾಗದವನ್ನು ತಮಗೆ ಗೊತ್ತಿದ್ದ ಹಾಗೆ ಓದಿಕೊಂಡರು. ಹಿಂದಿನ ಕಾರ್ಯಕ್ರಮ 41ನೇ ದಿನ ಹೊರಗೆ ಹಾಕಿದ್ದು ಕುಡಿದದ್ದಕ್ಕೆ. ಇವರೂ ಅದಕ್ಕೇ ಹಾಕುತ್ತಾರೆ. ಹುಡುಗರನ್ನು ಓಡಿಸುವ ಧೈರ್ಯ ಇರಲಿಲ್ಲ. ತಮ್ಮ ಕೈಲಾದದ್ದು ಒಂದೇ, ಕುಡಿತ ನಿಲ್ಲಿಸುವುದು. ಶುಕ್ರವಾರ ರಾತ್ರಿ ನಿಲ್ಲಿಸಿದರು. ಪೂರ್ತಿ.

ಬೇರೆ ವ್ಯಸನಗಳ ಬಗ್ಗೆ ಗೊತ್ತಿರುವವರಿಗೂ ಈ ವಿಷಯ ಎಷ್ಟೋ ಸಲ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಏಕಾಏಕಿ ನಿಲ್ಲಿಸಿದರೆ ಅಪಾಯ. ಮದ್ಯ ಮೆದುಳನ್ನು ತಣ್ಣಗಿಡುತ್ತದೆ, ಅದಕ್ಕೆ ಎದುರಾಗಿ ಮೆದುಳು ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಬ್ರೇಕ್ ಇಲ್ಲದ ಗಾಡಿ. ಕೊನೆಯ ಗುಟುಕಿನ ನಂತರ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಭ್ರಮೆ, ಜ್ವರ, ನಡುಕದ ಡೆಲಿರಿಯಂ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಸಾವೂ ಆಗಬಹುದು. ರೇಗೆ ತಲೆಯ ಹಳೇ ಪೆಟ್ಟು ಬೇರೆ ಇತ್ತು.

ಭಾನುವಾರ ಬೆಳಗ್ಗೆ ಎದುರು ಕೋಣೆಯ ಹೆಂಗಸಿಗೆ ಏನೋ ಬಿದ್ದ ಸದ್ದು ಕೇಳಿತು. ಮೂರು ಸಲ ದೂರು ಕೊಟ್ಟವರೇ ಓಡಿ ಬಂದು ಡೆಸ್ಕಿಗೆ ಹೇಳಿದ್ದು. ಬಾಗಿಲು ತೆರೆದಾಗ ರೇ ನೆಲದ ಮೇಲೆ, ಅವರನ್ನು ಕ್ಲೈಡ್ ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡಿದ್ದರು. ಹುಡುಗರು ಆಗಲೇ ಪರಾರಿ.

ಯಾವ ಷರತ್ತೂ ಇಲ್ಲದ ಮನೆ ಎಂದು ಹೇಳಿ ಕರೆತಂದು, ಒಂದು ಪುಟದ ನೋಟಿಸ್‌ನಿಂದ ಹಳೆಯ ಷರತ್ತನ್ನೇ ಅವರ ತಲೆಯೊಳಗೆ ಮತ್ತೆ ಹುಟ್ಟಿಸಿದ್ದೆವು. ಈಗ ನಮ್ಮಲ್ಲಿ ನೋಟಿಸ್ ಬಾಗಿಲ ಕೆಳಗೆ ತಳ್ಳುವುದಿಲ್ಲ. ಕೇಸ್ ಮ್ಯಾನೇಜರ್ ಕೈಯಲ್ಲಿ ಹಿಡಿದು ಹೋಗಿ, ಓದಿ ಹೇಳಿ, 'ಇದರಲ್ಲಿ ಕುಡಿಯುವುದರ ಬಗ್ಗೆ ಏನೂ ಇಲ್ಲ' ಎಂದು ಬಾಯಿಬಿಟ್ಟು ಹೇಳಿಯೇ ಕೊಡಬೇಕು. ಶುಕ್ರವಾರ ಮಧ್ಯಾಹ್ನದ ಮೇಲೆ ಕೊಡುವಂತಿಲ್ಲ.

ಒಳ್ಳೆಯ ಉದ್ದೇಶದ ಎರಡನೇ ತಪ್ಪು

ರೇ ಆಸ್ಪತ್ರೆಯಲ್ಲಿದ್ದಾಗ ನಾವು ಸಭೆ ಸೇರಿದೆವು. ಮನೆ ಬಿಡಿಸಬೇಕು ಎಂದು ಯಾರೂ ಹೇಳಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯದು. ಆದರೆ ಎಲ್ಲರೂ ಹೆದರಿದ್ದೆವು. ರೇಯನ್ನು ಕಾಪಾಡಬೇಕು ಎಂದು ಮೂರು ತಿಂಗಳು ಅವರ ಕೋಣೆಗೆ ಯಾವ ಅತಿಥಿಯೂ ಬರಬಾರದು ಎಂದು ನಿರ್ಧರಿಸಿದೆವು. ಮೂವರ ಹೆಸರೂ ಡೆಸ್ಕಿನ ನಿಷೇಧ ಪಟ್ಟಿಗೆ ಹೋಯಿತು. ಕ್ಲೈಡ್ ಹೆಸರನ್ನು ನಾನೇ ಬರೆದೆ. ಅವರು ರೇಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದಿದ್ದ ವಿಷಯ ಘಟನೆಯ ವರದಿಯಲ್ಲಿ ಇತ್ತು. ಓದಿದ್ದೆ. ಆದರೂ ಬರೆದೆ. ಅಕ್ರಮವಾಗಿ ಉಳಿದವರು ಮೂವರು ಎಂದು ವರದಿ ಹೇಳಿತ್ತು, ಮೂರನ್ನು ಎರಡು ಮತ್ತು ಒಂದು ಎಂದು ಬಿಡಿಸಿ ನೋಡುವ ತಾಳ್ಮೆ ಆ ದಿನ ಇರಲಿಲ್ಲ.

ರೇ ವಾಪಸ್ ಬಂದು ಎರಡು ರಾತ್ರಿ ಇದ್ದರು. ಮೂರನೆಯ ದಿನ ಹೋದವರು 19 ರಾತ್ರಿ ಬರಲಿಲ್ಲ.

ಸೇತುವೆ ಕೆಳಗೆ ಹುಡುಕಿಕೊಂಡು ಹೋದೆ. ಕಾಲಿನ ಹುಣ್ಣು ಮತ್ತೆ ಒಡೆದಿತ್ತು. ವಾಪಸ್ ಬನ್ನಿ ಎಂದರೆ ಮಾತೇ ಆಡಲಿಲ್ಲ. ಎರಡನೇ ಸಲ ಹೋದಾಗ, ಬೆಚ್ಚಗಿನ ಮನೆ ಬಿಟ್ಟು ಯಾಕೆ ಇಲ್ಲಿದ್ದೀರಿ ಎಂದು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ. ಅವರು ಹೇಳಿದ್ದು: "ಅಲ್ಲಿ ನಂಗೆ ಫಿಟ್ಸ್ ಬಂದ್ರೆ ಯಾರು ನೋಡ್ತಾರೆ? ನೀನಾ? ಐದು ಗಂಟೆಗೆ ಮನೆಗೆ ಹೋಗ್ತೀಯಲ್ಲ."

ಈ ಪ್ರಕರಣ ತಿರುಗಿದ್ದು ಇಲ್ಲಿ. ಎಂಟು ವರ್ಷ ಕ್ಲೈಡ್ ಮಾಡುತ್ತಿದ್ದದ್ದು ಗೆಳೆತನ ಮಾತ್ರ ಅಲ್ಲ, ರಾತ್ರಿ ಕಾವಲು. ರೇ ದೇಹ ಅದುರಲು ಶುರುವಾದರೆ ಗೊತ್ತಾಗುವುದು ಅವರಿಗೆ. ಮೂರು ವಾರ ಅವರು ಆ ಕೋಣೆಯಲ್ಲಿ ಉಳಿದದ್ದೂ ಅದಕ್ಕೇ, ಹುಡುಗರ ನಡುವೆ ರೇಯನ್ನು ಒಬ್ಬರನ್ನೇ ಬಿಡಲು ಮನಸ್ಸಾಗದೆ. ಆ ಕಾವಲನ್ನು ಕಿತ್ತುಹಾಕಿ ನಾವು ಖಾಲಿ, ಸುರಕ್ಷಿತ ಕೋಣೆ ಕೊಟ್ಟಿದ್ದೆವು.

ಡೆಸ್ಕಿನ ಮುಂದೆ ಹೊಸ ಪಟ್ಟಿ

ಆಮೇಲೆ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಪಟ್ಟಿಯನ್ನು ತಿರುಗಿಸಿದೆವು. ಯಾರು ಬರಬಾರದು ಎಂದು ನಾವು ಬರೆಯುವ ಬದಲು, ಯಾರು ಬರಬಹುದು ಎಂದು ರೇ ಬರೆದರು. ಎರಡೇ ಹೆಸರು: ಕ್ಲೈಡ್ ಮತ್ತು ಒಬ್ಬ ಅಕ್ಕ. ಆ ಅಕ್ಕ ಇವತ್ತಿನವರೆಗೂ ಬಂದಿಲ್ಲ, ಹೆಸರು ಮಾತ್ರ ಹಾಗೇ ಇದೆ. ಉಳಿದ ಯಾರು ಬಂದು ಕೇಳಿದರೂ ಡೆಸ್ಕಿನವರು 'ನಮ್ಮ ನಿಯಮ, ಬಿಡೋದಿಲ್ಲ' ಎನ್ನಬೇಕು. ಬೈಗುಳ ಡೆಸ್ಕಿಗೆ, ಮರ್ಯಾದೆ ರೇಗೆ. ಈ ಉಪಾಯ ಹೇಳಿದ್ದು ರೇ. "ಕೆಟ್ಟವರು ನೀವಾಗಿ" ಎಂದರು. ಮೊದಲ ತಿಂಗಳು ರಾತ್ರಿ ಪಾಳಿಯವರು ಸಿಕ್ಕಾಪಟ್ಟೆ ಬೈಸಿಕೊಂಡರು. ಹಿಂದಿನ ಬಾಗಿಲಿಗೆ ಅಲಾರಂ ಬಂತು. ಅದನ್ನು ಮೊದಲೇ ಹಾಕಬೇಕಿತ್ತು, ಅದರ ಬಗ್ಗೆ ಹೇಳಲು ಇನ್ನೇನೂ ಇಲ್ಲ.

ಕಾವಲಿನ ವಿಷಯಕ್ಕೂ ಏನಾದರೂ ಬೇಕಿತ್ತು. ದಿನಾ ಬೆಳಗ್ಗೆ ಹತ್ತಕ್ಕೆ, ರಾತ್ರಿ ಹತ್ತಕ್ಕೆ ಒಬ್ಬರು ಬಾಗಿಲು ತಟ್ಟುತ್ತಾರೆ. ಒಳಗಿಂದ ಎರಡು ಸಲ ತಟ್ಟಿದರೆ ಸರಿ, ಬಾಗಿಲು ತೆರೆಯಬೇಕಿಲ್ಲ. ಇದಕ್ಕೆ ರೇ ಒಪ್ಪಿದ್ದಷ್ಟೇ ಅಲ್ಲ, ನಾವು ಹತ್ತು ನಿಮಿಷ ತಡ ಮಾಡಿದರೆ ಕೆಳಗೆ ಫೋನ್ ಮಾಡುತ್ತಾರೆ.

ಕುಡಿತದ ಬಗ್ಗೆ ಮಾತು ಶುರುವಾದದ್ದು ಇದೆಲ್ಲ ಆದ ಮೇಲೆ. ಬಿಡಿ ಎಂದು ನಾವು ಹೇಳಲಿಲ್ಲ. ಏಕಾಏಕಿ ಬಿಡಬೇಡಿ ಎಂದು ಹೇಳಿದೆವು. ಬೆಳಗ್ಗೆ ಏನಾದರೂ ತಿಂದು ಆಮೇಲೆ ಕುಡಿಯುವುದು, ಹೊರಗೆ ಕುಡಿದು ಬೀಳುವ ಬದಲು ಕೋಣೆಯಲ್ಲೇ ಕುಡಿಯುವುದು, ಬಿಡಬೇಕು ಅನ್ನಿಸಿದ ದಿನ ಮೊದಲು ನರ್ಸ್‌ಗೆ ಹೇಳುವುದು. ಹದಿಮೂರನೇ ತಿಂಗಳಲ್ಲಿ ಅವರಾಗೇ ಆಸ್ಪತ್ರೆಯಲ್ಲಿ ಆರು ದಿನ ಡಿಟಾಕ್ಸ್, ಅಂದರೆ ವೈದ್ಯರ ನಿಗಾದಲ್ಲಿ ಕುಡಿತ ನಿಲ್ಲಿಸುವ ಚಿಕಿತ್ಸೆ, ಮಾಡಿಸಿಕೊಂಡರು. ಏಳು ವಾರ ಕುಡಿಯಲಿಲ್ಲ. ಆಮೇಲೆ ಕುಡಿದರು. ಈಗಲೂ ಕುಡಿಯುತ್ತಾರೆ, ಮೊದಲಿಗಿಂತ ಕಮ್ಮಿ. ಒಳಗೆ ಬರುವ ಮೊದಲು ಅವರನ್ನು ಆಂಬುಲೆನ್ಸ್‌ನವರು ಹೆಸರು ಹಿಡಿದು ಕರೆಯುತ್ತಿದ್ದರು, ಅಷ್ಟು ಸಲ ಹತ್ತಿಸಿಕೊಂಡಿದ್ದರು. ಕಳೆದ ಒಂದು ವರ್ಷದಲ್ಲಿ ಎರಡೇ ಸಲ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ಎಸ್‌ಎಸ್‌ಐ ಎಂಬ ಅಂಗವೈಕಲ್ಯ ನೆರವಿಗೆ ಅರ್ಜಿ ಹಾಕಿದೆವು. ಮೊದಲ ಸಲ ತಿರಸ್ಕಾರವಾಯಿತು. 1996ರ ಕಾನೂನಿನ ಪ್ರಕಾರ, ಕುಡಿತ ಬಿಟ್ಟರೆ ಅಂಗವೈಕಲ್ಯವೂ ಹೋಗುತ್ತದೆ ಎಂದಾದರೆ ಹಣ ಸಿಗುವುದಿಲ್ಲ. ತಲೆಯ ಪೆಟ್ಟಿನಿಂದ ಆದ ಮರೆವು ಕುಡಿತದಿಂದ ಬಂದದ್ದಲ್ಲ ಎಂದು ಪರೀಕ್ಷೆ ಮಾಡಿಸಿ ತೋರಿಸಬೇಕಾಯಿತು. ಆ ಏಳು ವಾರ ಕುಡಿಯದೆ ಇದ್ದಾಗ ಮಾಡಿಸಿದ ಪರೀಕ್ಷೆಯೇ ಕೈಹಿಡಿದದ್ದು. 2025ರಲ್ಲಿ ಇದರ ಗರಿಷ್ಠ ಮೊತ್ತ ಒಬ್ಬರಿಗೆ ತಿಂಗಳಿಗೆ 967 ಡಾಲರ್. ಮೊದಲ ಬಾಡಿಗೆ ಕಟ್ಟಿದ ರಸೀದಿಯನ್ನು ರೇ ಫ್ರಿಜ್ ಮೇಲೆ ಅಂಟಿಸಿದ್ದಾರೆ.

ಎದುರು ಕೋಣೆ

ಇದನ್ನು ಗೆಲುವಿನ ಕಥೆಯಾಗಿ ಹೇಳಬಹುದಿತ್ತು, ಎದುರು ಕೋಣೆಯ ಹೆಂಗಸು ಇಲ್ಲದಿದ್ದರೆ. ಕುಡಿತ ಬಿಟ್ಟವರು ಅವರು. ಕಾರಿಡಾರಿನ ವಾಸನೆ, ಖಾಲಿ ಬಾಟಲಿಯ ಸದ್ದು ಅವರಿಗೆ ದಿನವೂ ಪರೀಕ್ಷೆ. ಮಹಡಿ ಬದಲಿಸಿ ಎಂದು ಕೇಳಿದ್ದರು. ಖಾಲಿ ಇರಲಿಲ್ಲ. ರೇ ಮನೆಗಾಗಿ ನಾವು ಎಷ್ಟು ಸಭೆ ಮಾಡಿದೆವು, ಅವರಿಗಾಗಿ ಎಷ್ಟು ಮಾಡಿದೆವು ಎಂದು ಲೆಕ್ಕ ಹಾಕಿದರೆ ನಾಚಿಕೆಯಾಗುತ್ತದೆ. ಒಂಬತ್ತನೇ ತಿಂಗಳಲ್ಲಿ ಅವರು ಕುಡಿತವಿಲ್ಲದ ಒಂದು ಹಂಚಿಕೆ ಮನೆಗೆ ಹೋದರು. ಅಲ್ಲಿ ಸ್ವಂತ ಬಾಗಿಲಿಲ್ಲ, ಲೀಸ್ ಅವರ ಹೆಸರಿನಲ್ಲಿಲ್ಲ. ಹೋಗುವ ದಿನ ಆ ಹೆಂಗಸಿನ ಡಬ್ಬಗಳನ್ನು ರೇ ಕೆಳಗೆ ಇಳಿಸಿಕೊಟ್ಟರು. ಇಬ್ಬರೂ ಜಾಸ್ತಿ ಮಾತಾಡಲಿಲ್ಲ.

ಒಂದೇ ಕಟ್ಟಡದಲ್ಲಿ ಕುಡಿಯುವವರಿಗೂ ಬಿಟ್ಟವರಿಗೂ ಮನೆ ಕೊಟ್ಟರೆ ಹೊಸ್ತಿಲು ಒಬ್ಬರಿಗೆ ತಗ್ಗಿದಷ್ಟು ಇನ್ನೊಬ್ಬರಿಗೆ ಏರುತ್ತದೆ. ಈಗ ನಾವು ಒಂದು ಮಹಡಿಯನ್ನು, ಕೇಳಿದವರಿಗೆ ಮಾತ್ರ, ಕುಡಿತವಿಲ್ಲದ ಮಹಡಿ ಮಾಡಿದ್ದೇವೆ. ಅವರಿಗೆ ಅದು ತಡವಾಯಿತು.

ಕ್ಲೈಡ್ ಕಡತ

ಕ್ಲೈಡ್ ಇನ್ನೂ ಹೊರಗಿದ್ದಾರೆ. ಶ್ವಾಸಕೋಶದ ಕಾಯಿಲೆ ಇದೆ. ಹದಿನೈದನೇ ತಿಂಗಳು, ಕೊರೆಯುವ ಚಳಿ, ಅವರಿಗೆ ಕೆಮ್ಮು ಜೋರಾಯಿತು. ರೇ ಕೇಳಿದರು, ನಾವು ಒಪ್ಪಿದೆವು. ಒಂಬತ್ತು ರಾತ್ರಿ ಕ್ಲೈಡ್ ಆ ಕೋಣೆಯಲ್ಲಿ ಬೆಚ್ಚಗೆ ಮಲಗಿದರು. ಎಲ್ಲ ನಿಯಮದ ಪ್ರಕಾರ, ಡೆಸ್ಕಿನ ಪುಸ್ತಕದಲ್ಲಿ ದಿನವೂ ಸಹಿ. ನಮಗೆಲ್ಲ ಒಳ್ಳೆಯದು ಮಾಡಿದೆವು ಎಂಬ ಸಮಾಧಾನ.

ಕಳೆದ ತಿಂಗಳು ಕ್ಲೈಡ್‌ಗೆ ಮನೆ ಕೊಡಿಸಲು ಅರ್ಜಿ ತಯಾರಿಸಲು ಕೂತಾಗ ಗೊತ್ತಾಯಿತು. ಏಳು ರಾತ್ರಿ ದಾಟಿದ್ದರಿಂದ ಆ ಒಂಬತ್ತು ರಾತ್ರಿ 'ಬ್ರೇಕ್'. ಅದಕ್ಕೂ ಹಿಂದೆ ಹುಡುಗರ ಜೊತೆ ಇದ್ದ ಮೂರು ವಾರ ಇನ್ನೊಂದು 'ಬ್ರೇಕ್', ಅದು ನಮ್ಮದೇ ಘಟನೆಯ ವರದಿಯಲ್ಲಿದೆ. ಸತತ 12 ತಿಂಗಳ ಲೆಕ್ಕ ಚಳಿಗಾಲದ ಆ ರಾತ್ರಿಗಳ ಮಾರನೇ ದಿನದಿಂದ ಹೊಸದಾಗಿ ಶುರು. ಇನ್ನೂ ಮೂರು ತಿಂಗಳು ಬಾಕಿ. ಅವತ್ತು ಗೆಳೆಯನ ಕೋಣೆಯ ಬದಲು ಆಸ್ಪತ್ರೆಗೆ ಸೇರಿಸಿದ್ದರೆ ಒಂದು ದಿನವೂ ನಷ್ಟವಾಗುತ್ತಿರಲಿಲ್ಲ. ರೇ ವಿಷಯದಲ್ಲಿ 90 ದಿನವನ್ನು ಬೆರಳಲ್ಲಿ ಎಣಿಸಿದ್ದ ನನಗೆ ಏಳು ರಾತ್ರಿಯ ನಿಯಮ ಆಗ ಹೊಳೆಯಲೇ ಇಲ್ಲ. ವರದಿಯನ್ನಾಗಲಿ ಪುಸ್ತಕವನ್ನಾಗಲಿ ಮರೆಮಾಚಲು ಆಗುವುದಿಲ್ಲ. ಒಮ್ಮೆ ಹಾಗೆ ಮಾಡಿದರೆ ನಮ್ಮ ಯಾವ ಕಾಗದಕ್ಕೂ ಬೆಲೆ ಉಳಿಯುವುದಿಲ್ಲ.

ಇದನ್ನು ರೇಗೆ ಹೇಳಲೇಬೇಕಿತ್ತು, ಹೇಳಿದೆ. ನಿಯಮವನ್ನು ಪೂರ್ತಿ ಓದಿ ಹೇಳು ಎಂದರು. ಸತತ 12 ತಿಂಗಳು, ಇಲ್ಲವೇ ಮೂರು ವರ್ಷದಲ್ಲಿ ನಾಲ್ಕು ಬಾರಿ, ಒಟ್ಟು 12 ತಿಂಗಳು. ಅವರು ಸುಮ್ನೆ ಕೂತು ಬೆರಳು ಮಡಿಸಿದರು. ಹುಡುಗರು ಬರುವ ಮುಂಚೆ ಹೊರಗಿದ್ದದ್ದು ಒಂದು. ಅಲ್ಲಿಂದ ಚಳಿಗಾಲದವರೆಗೆ ಎರಡು. ಆಮೇಲಿಂದ ಇವತ್ತಿನವರೆಗೆ ಮೂರು.

"ಇನ್ನೊಂದು ಸಲ ಏಳು ರಾತ್ರಿ ನನ್ನ ಹತ್ರ ಮಲಗಿ ವಾಪಸ್ ಹೋದ್ರೆ ನಾಲ್ಕು ಆಯ್ತು, ಅಲ್ವಾ?"

ನಾನು ನಿಯಮವನ್ನು ಮತ್ತೆ ಓದಿದೆ. ಅವರ ಲೆಕ್ಕ ಸರಿ ಇತ್ತು. ಅತಿಥಿ ಪುಸ್ತಕ ತೆಗೆದು ನೋಡಿದೆ. ಈ ವರ್ಷ ಕ್ಲೈಡ್ ಹೆಸರಿನಲ್ಲಿ ಒಂಬತ್ತು ರಾತ್ರಿ ಮುಗಿದಿವೆ, ಹದಿನಾಲ್ಕರಲ್ಲಿ ಉಳಿದಿರುವುದು ಐದು. ಇನ್ನೆರಡು ರಾತ್ರಿಗೆ ಮೇಲಿನವರ ಸಹಿ ಬೇಕು. ಕಾರಣ ಬರೆಯುವ ಜಾಗದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದು ಮಂಗಳವಾರ ಕಳಿಸಿದ್ದೇನೆ. ಉತ್ತರ ಬಂದಿಲ್ಲ. ರೇ ದಿನಕ್ಕೆರಡು ಸಲ ಕೆಳಗಿಳಿದು ಬಂದು ಕೇಳುತ್ತಾರೆ.